ಓಪನ್ ಸೋರ್ಸ್ ಟೂಲ್‌ಗಳ ಇನ್‌ಸ್ಟಾಲ್ ಮತ್ತು ಪ್ಯಾಕೇಜಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪೈಲರ್, ಇಂಟರ್‌ಪ್ರಿಟರ್, ಬಿಲ್ಡ್ ಟೂಲ್, ಲಿಂಟರ್ (ಕೋಡಿನ ತಪ್ಪು ಹುಡುಕುವ ಟೂಲ್) ಇಂಥವನ್ನು ಲಿನಕ್ಸ್, ಮ್ಯಾಕ್, ವಿಂಡೋಸ್‌ಗಳಲ್ಲಿ ಹಾಕಿಕೊಳ್ಳುವವರು ಕೇಳುವ ಪ್ರಶ್ನೆಗಳು ಮೊದಲ ಭಾಗದಲ್ಲಿವೆ. ತಾವೇ ಬರೆದ ಟೂಲನ್ನು ಬೇರೆಯವರಿಗೆ ತಲುಪಿಸಬೇಕಾದವರ ಪ್ರಶ್ನೆಗಳು ಎರಡನೇ ಭಾಗದಲ್ಲಿ. ಬಹುತೇಕ ಉತ್ತರಗಳ ಹಿಂದೆ ಇರೋದು ಒಂದೇ ಮಾತು: ಕಂಪ್ಯೂಟರಿನಲ್ಲಿರುವ ಪ್ರತಿ ಫೈಲಿಗೂ ಒಬ್ಬನೇ ಯಜಮಾನ ಇರಬೇಕು. ಇಬ್ಬರಾದರೆ ಕಷ್ಟ ಶುರು.

## ಹಾಕಿಕೊಳ್ಳುವವರಿಗೆ

ಒಂದು ಟೂಲ್ ಹಾಕೋಕೆ ಇಷ್ಟೊಂದು ದಾರಿ ಯಾಕಿವೆ?

ಒಂದೊಂದು ದಾರಿಯೂ ಬೇರೆ ಬೇರೆ ತಲೆನೋವಿಗೆ ಹುಟ್ಟಿಕೊಂಡದ್ದು. 1993ರಲ್ಲಿ ಶುರುವಾದ ಡೆಬಿಯನ್‌ನಂಥ ಲಿನಕ್ಸ್‌ಗಳ ಯೋಚನೆ ಏನೆಂದರೆ, ಇಡೀ ಸಿಸ್ಟಮನ್ನು ಒಟ್ಟಿಗೆ ಕಟ್ಟಬೇಕು, ಒಂದು ಲೈಬ್ರರಿಗೆ ಸಾಧ್ಯವಾದಷ್ಟೂ ಒಂದೇ ಪ್ರತಿ ಇರಬೇಕು, ಎಲ್ಲ ಪ್ರೋಗ್ರಾಮ್‌ಗಳೂ ಅದನ್ನೇ ಹಂಚಿಕೊಳ್ಳಬೇಕು. ಆಪ್ಟ್, ಡಿಎನ್‌ಎಫ್, ಪ್ಯಾಕ್‌ಮ್ಯಾನ್ ಈ ಕೆಲಸಕ್ಕೆ ಇರುವ ಪ್ಯಾಕೇಜ್ ಮ್ಯಾನೇಜರ್‌ಗಳು. ಪಿಪ್ (ಪೈಥಾನ್), ಎನ್‌ಪಿಎಂ (ಜಾವಾಸ್ಕ್ರಿಪ್ಟ್), ಕಾರ್ಗೊ (ರಸ್ಟ್) ಹಾಗಲ್ಲ. ಅವಕ್ಕೆ ಯಾವ ಓಎಸ್ ಅನ್ನೋದು ಮುಖ್ಯವಲ್ಲ, ತಮ್ಮ ಭಾಷೆಯ ಲೈಬ್ರರಿಗಳು ಎಲ್ಲ ಕಡೆ ಒಂದೇ ಥರ ಸಿಗಬೇಕು ಅಷ್ಟೇ. ಪೈಎನ್ವ್, ಎನ್‌ವಿಎಂ, ರಸ್ಟಪ್ ಥರದ ವರ್ಷನ್ ಮ್ಯಾನೇಜರ್‌ಗಳು ಒಂದೇ ಭಾಷೆಯ ಹಲವು ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳೋಕೆ ಬಂದವು.

ಇವುಗಳಲ್ಲಿ ಯಾವುದೂ ಇನ್ನೊಂದರ ಲೆಕ್ಕದ ಪುಸ್ತಕ ನೋಡೋದಿಲ್ಲ. ಪಿಪ್ ಏನು ಹಾಕಿದೆ ಅಂತ ಆಪ್ಟ್‌ಗೆ ಗೊತ್ತಿಲ್ಲ.

ಹಾಗಾದರೆ ನಾನು ಯಾವುದನ್ನು ಬಳಸಲಿ?

ಗಿಟ್, ಕರ್ಲ್, ಸಿಮೇಕ್ ಥರದ, ಆವೃತ್ತಿ ಸ್ವಲ್ಪ ಹಿಂದೆ ಮುಂದೆ ಆದರೂ ನಡೆಯುವ ಟೂಲ್‌ಗಳನ್ನು ಸಿಸ್ಟಮಿನ ಪ್ಯಾಕೇಜ್ ಮ್ಯಾನೇಜರಿನಿಂದಲೇ ಹಾಕಿ. ಪ್ರಾಜೆಕ್ಟಿಗೆ ನಿರ್ದಿಷ್ಟ ಆವೃತ್ತಿಯ ಪೈಥಾನ್ ಅಥವಾ ನೋಡ್.ಜೆಎಸ್ ಬೇಕಿದ್ದರೆ ವರ್ಷನ್ ಮ್ಯಾನೇಜರ್ ಬಳಸಿ. ಲೈಬ್ರರಿಗಳು ಪ್ರಾಜೆಕ್ಟಿನ ಫೋಲ್ಡರ್ ಒಳಗೇ ಇರಲಿ.

ಮ್ಯಾಕ್‌ನಲ್ಲಿ ಸಿಸ್ಟಮಿನದೇ ಪ್ಯಾಕೇಜ್ ಮ್ಯಾನೇಜರ್ ಇಲ್ಲ. ಹೋಮ್‌ಬ್ರೂ ಅಥವಾ ಮ್ಯಾಕ್‌ಪೋರ್ಟ್ಸ್, ಎರಡರಲ್ಲಿ ಒಂದು ಸಾಕು. ವಿಂಡೋಸ್‌ನಲ್ಲಿ ವಿಂಗೆಟ್, ಸ್ಕೂಪ್, ಚಾಕೊಲೇಟಿ ಇವೆ. ವಿಂಗೆಟ್ ಹೆಚ್ಚಾಗಿ ಆಯಾ ತಂಡದವರ ಇನ್‌ಸ್ಟಾಲರನ್ನೇ ತಂದು ಓಡಿಸುತ್ತದೆ. ಸ್ಕೂಪ್ ಎಲ್ಲವನ್ನೂ ನಿಮ್ಮ ಹೋಮ್ ಫೋಲ್ಡರಿನಲ್ಲಿ ಬಿಚ್ಚಿಡುತ್ತದೆ, ಅಡ್ಮಿನ್ ಅನುಮತಿ ಕೇಳೋದು ಕಡಿಮೆ. ಕಮಾಂಡ್ ಲೈನ್ ಟೂಲ್‌ಗಳಿಗೆ ನನಗೆ ಸ್ಕೂಪೇ ಇಷ್ಟ, ತೆಗೆದುಹಾಕಿದಾಗ ನಿಜವಾಗಿ ಹೋಗುತ್ತದೆ.

ಡೆಬಿಯನ್‌ನಲ್ಲಿ ಸಿಗುವ ಆವೃತ್ತಿ ತುಂಬಾ ಹಳೆಯದು. ಹೊಸ ರಿಲೀಸಿನ ಪ್ಯಾಕೇಜ್ ತಂದು ಹಾಕಬಹುದಾ?

ಬೇಡ. ಹೊಸ ಪ್ಯಾಕೇಜ್ ಹೊಸ ಜಿಲಿಬ್‌ಸಿ (ಬಹುತೇಕ ಪ್ರೋಗ್ರಾಮ್‌ಗಳು ನಂಬಿಕೊಂಡಿರುವ ಮೂಲ ಸಿ ಲೈಬ್ರರಿ) ಕೇಳುತ್ತದೆ, ಅದು ಇನ್ನೊಂದಷ್ಟನ್ನು ಎಳೆದು ತರುತ್ತದೆ, ಕೊನೆಗೆ ಅರ್ಧ ಹಳೆಯದು ಅರ್ಧ ಹೊಸದಾದ ಸಿಸ್ಟಮ್ ಉಳಿಯುತ್ತದೆ. ಡೆಬಿಯನ್‌ನವರು ಇದಕ್ಕೆ ಫ್ರಾಂಕನ್‌ಡೆಬಿಯನ್ ಅಂತಲೇ ಹೆಸರಿಟ್ಟಿದ್ದಾರೆ. ಹಳೆಯ ರಿಲೀಸಿಗೆಂದೇ ಮತ್ತೆ ಕಟ್ಟಿದ ಹೊಸ ಆವೃತ್ತಿಗಳಿರುವ ಅಧಿಕೃತ ಬ್ಯಾಕ್‌ಪೋರ್ಟ್ಸ್‌ನಲ್ಲಿ ಸಿಗುತ್ತದಾ ಮೊದಲು ನೋಡಿ. ಇಲ್ಲದಿದ್ದರೆ ಆ ಟೂಲಿನ ತಂಡದವರೇ ಕೊಡುವ ಬೈನರಿಯನ್ನು (ಕಟ್ಟಿ ಮುಗಿದ, ನೇರವಾಗಿ ಓಡುವ ಫೈಲ್) ಹೋಮ್ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ವಿಷಯ. ಆವೃತ್ತಿಯ ನಂಬರ್ ಹಳೆಯದಾದ ಮಾತ್ರಕ್ಕೆ ಸೆಕ್ಯುರಿಟಿ ಲೋಪಗಳು ಹಾಗೇ ಉಳಿದಿವೆ ಅಂತಲ್ಲ. ಸ್ಟೇಬಲ್ ರಿಲೀಸಿನಲ್ಲಿ ತಿದ್ದುಪಡಿಯನ್ನಷ್ಟೇ ಹಳೆಯ ಕೋಡಿಗೆ ತಂದು ಸೇರಿಸುತ್ತಾರೆ, ಮುಖ್ಯ ನಂಬರ್ ಹಾಗೇ ಇರುತ್ತದೆ. ಬರೀ ನಂಬರ್ ನೋಡಿ ಗಾಬರಿ ಬೀಳುವ ಸ್ಕ್ಯಾನರ್‌ಗಳೂ ಇವೆ.

ಪಿಪ್ ಇನ್‌ಸ್ಟಾಲ್ ಅಂತ ಹೊಡೆದರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್" ಅಂತ ಬೈಯುತ್ತದೆ. ಮೊದಲೆಲ್ಲ ಆಗ್ತಿತ್ತಲ್ಲ?

ಆಗ್ತಿತ್ತು, ಆಮೇಲೆ ಸಿಸ್ಟಮ್ ಕೆಡುತ್ತಿತ್ತು. ಲಿನಕ್ಸ್‌ನ ಎಷ್ಟೋ ಒಳಗಿನ ಕೆಲಸಗಳು ಸಿಸ್ಟಮ್ ಪೈಥಾನಿನ ಮೇಲೇ ನಡೆಯುತ್ತವೆ. ಫೆಡೋರಾದಲ್ಲಿ ಯಮ್, ಅದರ ನಂತರ ಬಂದ ಡಿಎನ್‌ಎಫ್ ಬಹಳ ಕಾಲ ಪೈಥಾನಿನಲ್ಲೇ ಬರೆದವಾಗಿದ್ದವು. ನೀವು ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿ ಪಿಪ್ ಓಡಿಸಿ, ಯಾವುದೋ ಲೈಬ್ರರಿ ಸುಮ್ನೆ ಮೇಲಿನ ಆವೃತ್ತಿಗೆ ಹೋಗಿ, ಅದನ್ನು ನಂಬಿಕೊಂಡಿದ್ದ ಪ್ಯಾಕೇಜ್ ಮ್ಯಾನೇಜರೇ ಏಳದಿದ್ದರೆ ಅದನ್ನು ರಿಪೇರಿ ಮಾಡೋಕೆ ಪ್ಯಾಕೇಜ್ ಮ್ಯಾನೇಜರ್ ಇರೋದಿಲ್ಲ, ಅಲ್ವಾ?

ಇದನ್ನು ತಡೆಯೋಕೆ ಪೆಪ್ 668 ಅನ್ನುವ ಪೈಥಾನ್ ನಿಯಮ ಬಂತು. 2023ರ ಡೆಬಿಯನ್ 12ರಿಂದ ಸಿಸ್ಟಮ್ ಪೈಥಾನಿನ ಫೋಲ್ಡರಿನಲ್ಲಿ ಒಂದು ಗುರುತಿನ ಫೈಲ್ ಇರುತ್ತದೆ. ಅದನ್ನು ಕಂಡ ಪಿಪ್ "ಇದಕ್ಕೆ ಬೇರೆ ಯಜಮಾನ ಇದ್ದಾನೆ" ಅಂತ ಹಿಂದೆ ಸರಿಯುತ್ತದೆ. ಎರರ್ ಮೆಸೇಜಿನಲ್ಲೇ ದಾರಿಗಳನ್ನೂ ಹೇಳಿರುತ್ತಾರೆ: ಲೈಬ್ರರಿ ಬೇಕಿದ್ದರೆ ವೆನ್ವ್ (ಪ್ರಾಜೆಕ್ಟಿಗೇ ಪ್ರತ್ಯೇಕವಾದ ಪೈಥಾನ್ ಫೋಲ್ಡರ್) ಮಾಡಿಕೊಳ್ಳಿ, ಕಮಾಂಡ್ ಲೈನ್ ಟೂಲ್ ಬೇಕಿದ್ದರೆ ಪಿಪ್‌ಎಕ್ಸ್ ಬಳಸಿ. ಯುವಿ ಅನ್ನುವ ಪೈಥಾನ್ ಟೂಲ್ ಇದ್ದರೆ ಅದರಿಂದಲೂ ಆಗುತ್ತದೆ. "ಬ್ರೇಕ್ ಸಿಸ್ಟಮ್ ಪ್ಯಾಕೇಜಸ್" ಅನ್ನುವ ಆಪ್ಷನ್ ಕೂಡ ಇದೆ. ಅದಕ್ಕೆ ಬೇಕಂತಲೇ ಆ ಹೆಸರು ಇಟ್ಟಿದ್ದಾರೆ. ಕೆಲಸ ಮುಗಿದ ಮೇಲೆ ಬಿಸಾಡುವ ಕಂಟೇನರಿನಲ್ಲಿ (ಸಿಸ್ಟಮಿನಿಂದ ಬೇರ್ಪಟ್ಟ ಪುಟ್ಟ ಪರಿಸರ) ಬಿಟ್ಟು ಬೇರೆಲ್ಲೂ ಹಾಕಬೇಡಿ.

ಸೋರ್ಸ್‌ನಿಂದ ಕಟ್ಟಿ ಸುಡೊ ಮೇಕ್ ಇನ್‌ಸ್ಟಾಲ್ ಮಾಡಿದರೆ ತಪ್ಪಾ?

ತಪ್ಪಲ್ಲ. ಸಾಮಾನ್ಯವಾಗಿ ಅದು /ಯುಎಸ್‌ಆರ್/ಲೋಕಲ್ ಒಳಗೆ ಹೋಗುತ್ತದೆ, ಆ ಜಾಗ ಇರೋದೇ ನೀವು ಕೈಯಾರೆ ಹಾಕಿದ್ದಕ್ಕೆ. ತೆಗೆಯುವಾಗ ಮಾತ್ರ ಗೊತ್ತಾಗುತ್ತದೆ. ಎಲ್ಲ ಪ್ರಾಜೆಕ್ಟುಗಳೂ ಮೇಕ್ ಅನ್‌ಇನ್‌ಸ್ಟಾಲ್ ಕೊಡೋದಿಲ್ಲ, ಯಾವ ಫೈಲ್ ಎಲ್ಲಿಗೆ ಹೋಯಿತು ಅಂತ ಯಾರೂ ಬರೆದಿಟ್ಟಿರೋದಿಲ್ಲ. ಅದಕ್ಕೇ ಕಾನ್ಫಿಗರ್ ಮಾಡುವಾಗ ಪ್ರಿಫಿಕ್ಸ್ ಆಪ್ಷನ್ ಕೊಟ್ಟು, ಹೋಮ್ ಫೋಲ್ಡರಿನಲ್ಲಿ ಟೂಲಿನ ಹೆಸರು ಮತ್ತು ಆವೃತ್ತಿ ಇರುವ ಒಂದು ಫೋಲ್ಡರಿಗೆ ಹಾಕಿ. ಬೇಡವಾದ ದಿನ ಆ ಫೋಲ್ಡರ್ ಅಳಿಸಿದರೆ ಮುಗಿಯಿತು, ಸುಡೊ ಕೂಡ ಬೇಕಿಲ್ಲ. ಇಂಥ ಫೋಲ್ಡರ್‌ಗಳು ಜಾಸ್ತಿ ಆದರೆ ಗ್ನೂ ಸ್ಟೋ ಅನ್ನುವ ಪುಟ್ಟ ಟೂಲ್ ಇದೆ, ಒಂದೇ ಕಡೆಗೆ ಸಿಮ್‌ಲಿಂಕ್ (ಬೇರೆಡೆ ಇರುವ ಫೈಲಿನ ಕಡೆ ಕೈ ತೋರಿಸುವ ಕೊಂಡಿ) ಹಾಕಿಕೊಡುತ್ತದೆ.

ವೆಬ್‌ಸೈಟಿನಲ್ಲಿ "ಕರ್ಲ್ ಮಾಡಿ ನೇರ ಶೆಲ್ಲಿಗೆ ಕೊಡಿ" ಅಂತ ಬರೆದಿದ್ದಾರೆ. ಅಪಾಯ ಇಲ್ವಾ?

ಅಂದರೆ ಸ್ಕ್ರಿಪ್ಟನ್ನು ಇಳಿಸಿದ ಕೂಡಲೇ ಓದದೆ ಓಡಿಸುವುದು. ಅಪಾಯ ಜನ ಹೇಳುವಷ್ಟು ಇಲ್ಲ, ಹಾಗಂತ ಪೂರ್ತಿ ಇಲ್ಲ ಅಂತಲೂ ಅಲ್ಲ. ರಸ್ಟಪ್, ಹೋಮ್‌ಬ್ರೂ ಎರಡೂ ಹೀಗೇ ಹಾಕಿಸುತ್ತವೆ. ಒಂದು ಸೈಟಿನಿಂದ ಇಳಿಸಿದ ಬೈನರಿಯನ್ನು ಓಡಿಸೋಕೆ ನಿಮಗೆ ಭಯ ಇಲ್ಲ ಅಂದರೆ ಅದೇ ಸೈಟಿನ ಸ್ಕ್ರಿಪ್ಟಿಗೆ ಮಾತ್ರ ಭಯಪಡೋದರಲ್ಲಿ ಅರ್ಥ ಇಲ್ಲ, ಎರಡೂ ನಿಮ್ಮ ಹೆಸರಿನಲ್ಲೇ ಓಡುತ್ತವೆ. ನಿಜವಾದ ತೊಂದರೆಗಳು ಬೇರೆ. ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಅರ್ಧ ಸ್ಕ್ರಿಪ್ಟ್ ಓಡಿಬಿಡಬಹುದು. ಅದಕ್ಕೇ ತಿಳಿದವರು ಎಲ್ಲವನ್ನೂ ಒಂದು ಫಂಕ್ಷನ್ ಒಳಗಿಟ್ಟು ಕೊನೆಯ ಸಾಲಿನಲ್ಲಿ ಮಾತ್ರ ಅದನ್ನು ಕರೆಯುತ್ತಾರೆ. ಎರಡನೆಯದು, ಸ್ಕ್ರಿಪ್ಟ್ ನಿಮ್ಮ ಶೆಲ್ಲಿನ ಸೆಟ್ಟಿಂಗ್ಸ್ ಫೈಲಿಗೆ ಕೈ ಹಾಕುತ್ತದೆ, ಏನು ಬರೆಯಿತು ಅನ್ನೋದಕ್ಕೆ ಪ್ಯಾಕೇಜ್ ಮ್ಯಾನೇಜರಿನಲ್ಲಿ ದಾಖಲೆ ಇರೋದಿಲ್ಲ. ಮೊದಲು ಫೈಲಿಗೆ ಉಳಿಸಿ, ಕಣ್ಣಾಡಿಸಿ, ಆಮೇಲೆ ಓಡಿಸಿ. ಸುಡೊ ಕೇಳಿದರೆ ಯಾಕೆ ಅಂತ ಹುಡುಕಿ.

ಹಾಕಿದ್ದಾಯಿತು, ಆದರೂ "ಕಮಾಂಡ್ ನಾಟ್ ಫೌಂಡ್".

ಪಾಥ್ ನೋಡಿ, ಶೆಲ್ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ ಅದು. ಲಿನಕ್ಸ್, ಮ್ಯಾಕ್‌ನಲ್ಲಿ ಫೋಲ್ಡರ್‌ಗಳ ನಡುವೆ ಕೋಲನ್, ವಿಂಡೋಸ್‌ನಲ್ಲಿ ಸೆಮಿಕೋಲನ್. ಬದಲಾಯಿಸಿದ ಮೇಲೆ ಹೊಸ ಟರ್ಮಿನಲ್ ತೆರೆಯಬೇಕು, ಹಳೆಯದಕ್ಕೆ ಸುದ್ದಿ ಹೋಗೋದಿಲ್ಲ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಡೀಫಾಲ್ಟ್ ಶೆಲ್ ಝೆಡ್‌ಶೆಲ್. ಹಳೆಯ ಟ್ಯುಟೋರಿಯಲ್ ನೋಡಿಕೊಂಡು ಬ್ಯಾಶ್ ಪ್ರೊಫೈಲಿನಲ್ಲಿ ಬರೆದರೆ ಅದನ್ನು ಯಾರೂ ಓದೋದಿಲ್ಲ.

ಸಿಕ್ಕಿತು ಆದರೆ ಬೇರೆ ಆವೃತ್ತಿ ಓಡುತ್ತಿದೆ ಅಂದರೆ ಒಂದೇ ಹೆಸರಿನ ಎರಡು ಪ್ರತಿ ಇವೆ, ಪಾಥಿನಲ್ಲಿ ಮೊದಲು ಬಂದದ್ದು ಗೆಲ್ಲುತ್ತಿದೆ. ಬ್ಯಾಶ್, ಝೆಡ್‌ಶೆಲ್‌ಗಳಲ್ಲಿ "ಟೈಪ್ -ಎ" ಕೊಟ್ಟರೆ ಎಲ್ಲ ಪ್ರತಿಗಳೂ ಸಾಲಾಗಿ ಕಾಣುತ್ತವೆ. ಪವರ್‌ಶೆಲ್‌ನಲ್ಲಿ "ಗೆಟ್-ಕಮಾಂಡ್" ಜೊತೆ "-ಆಲ್" ಹಾಕಿ. ಅಲ್ಲಿ ಬರೀ "ವೇರ್" ಅಂದರೆ ಅದು ಬೇರೆಯದೇ ಕೆಲಸ ಮಾಡುತ್ತದೆ. ವಿಂಡೋಸ್‌ನಲ್ಲಿ ಪೈಥಾನ್ ಅಂತ ಹೊಡೆದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುವುದೂ ಇದೇ ಕಥೆ: ಸೆಟ್ಟಿಂಗ್ಸ್‌ನಲ್ಲಿ ಆಪ್ ಎಕ್ಸಿಕ್ಯೂಷನ್ ಅಲಿಯಾಸ್ ಅನ್ನುವ ಪಟ್ಟಿ ಇದೆ, ಅಲ್ಲಿ ಪೈಥಾನ್ ಮುಂದಿನದನ್ನು ಆಫ್ ಮಾಡಿ.

ಈ ಫೈಲನ್ನು ಯಾರು ತಂದು ಹಾಕಿದ್ದು ಅಂತ ತಿಳಿಯೋದು ಹೇಗೆ?

ಡೆಬಿಯನ್, ಉಬುಂಟುವಿನಲ್ಲಿ "ಡಿಪಿಕೆಜಿ -ಎಸ್" (ದೊಡ್ಡ ಎಸ್), ಫೆಡೋರಾದಲ್ಲಿ "ಆರ್‌ಪಿಎಂ -ಕ್ಯೂಎಫ್", ಆರ್ಚ್‌ನಲ್ಲಿ "ಪ್ಯಾಕ್‌ಮ್ಯಾನ್ -ಕ್ಯೂಓ" (ದೊಡ್ಡ ಕ್ಯೂ, ಚಿಕ್ಕ ಓ), ಮುಂದೆ ಫೈಲಿನ ಪೂರ್ತಿ ದಾರಿ ಕೊಡಿ. ಉತ್ತರ ಬಂದರೆ ಆ ಫೈಲನ್ನು ಕೈಯಾರೆ ಮುಟ್ಟಬೇಡಿ. ಯಾರದೂ ಅಲ್ಲ ಅಂತ ಬಂದರೆ ಬಹುಶಃ ನೀವೇ ಯಾವತ್ತೋ ಹಾಕಿದ್ದು. ಮ್ಯಾಕ್‌ನಲ್ಲಿ ಸಿಮ್‌ಲಿಂಕ್ ಎಲ್ಲಿಗೆ ಹೋಗುತ್ತದೆ ನೋಡಿದರೆ ಸಾಕು, ಹೋಮ್‌ಬ್ರೂವಿನದಾದರೆ ಸೆಲ್ಲಾರ್ ಅನ್ನುವ ಫೋಲ್ಡರಿಗೆ ಹೋಗಿರುತ್ತದೆ.

ಹೊಸ ಮ್ಯಾಕ್‌ಗೆ ಹಳೆಯದರಿಂದ ಎಲ್ಲ ತಂದೆ. ಈಗ ಅರ್ಧ ಟೂಲ್ ಓಡೋದಿಲ್ಲ.

ಹಳೆಯದು ಇಂಟೆಲ್, ಹೊಸದು ಆಪಲ್ ಸಿಲಿಕಾನ್ ಆಗಿದ್ದರೆ ಹೀಗಾಗುತ್ತದೆ. ಇಂಟೆಲ್ ಮ್ಯಾಕ್‌ನಲ್ಲಿ ಹೋಮ್‌ಬ್ರೂ ಕೂರುವುದು /ಯುಎಸ್‌ಆರ್/ಲೋಕಲ್ ಒಳಗೆ, ಆಪಲ್ ಸಿಲಿಕಾನ್‌ನಲ್ಲಿ /ಓಪಿಟಿ/ಹೋಮ್‌ಬ್ರೂ ಒಳಗೆ. ಎರಡೂ ಒಟ್ಟಿಗೆ ಇದ್ದರೆ ಆರ್ಮ್ (ಆಪಲ್ ಸಿಲಿಕಾನ್) ಕಂಪೈಲರ್ ಇಂಟೆಲ್ ಲೈಬ್ರರಿಗೆ ಲಿಂಕ್ ಮಾಡೋಕೆ ಹೋಗಿ ಬೀಳುತ್ತದೆ. "ಯುನೇಮ್ -ಎಂ" ಕೊಟ್ಟು ನೋಡಿ. ಹೊಸ ಮ್ಯಾಕ್‌ನಲ್ಲೂ ಎಕ್ಸ್86 ಅಂತ ಬಂದರೆ ನಿಮ್ಮ ಟರ್ಮಿನಲ್ಲೇ ರೊಸೆಟಾ (ಇಂಟೆಲ್ ಪ್ರೋಗ್ರಾಮ್‌ಗಳನ್ನು ಹೊಸ ಚಿಪ್‌ನಲ್ಲಿ ಓಡಿಸುವ ಆಪಲ್ ಸೌಲಭ್ಯ) ಮೂಲಕ ಓಡುತ್ತಿದೆ. ಪ್ಯಾಕೇಜುಗಳ ಪಟ್ಟಿ ತೆಗೆದುಕೊಂಡು ಹೊಸ ಜಾಗದಲ್ಲಿ ಹೊಸದಾಗಿ ಹಾಕಿ, ಹಳೆಯ ಹೋಮ್‌ಬ್ರೂ ತೆಗೆದುಬಿಡಿ.

ವಿಂಡೋಸ್‌ನಲ್ಲಿ ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಬಳಸಲಾ, ನೇರವಾಗಿ ಹಾಕಲಾ?

ನಿಮ್ಮ ಕೋಡ್ ಕೊನೆಗೆ ಲಿನಕ್ಸ್ ಸರ್ವರಿನಲ್ಲಿ ಓಡುತ್ತದೆ ಅಂದರೆ ಡಬ್ಲ್ಯೂಎಸ್‌ಎಲ್. ಎರಡನೇ ಆವೃತ್ತಿಯಿಂದ ಅದರಲ್ಲಿ ನಿಜವಾದ ಲಿನಕ್ಸ್ ಕರ್ನಲ್ಲೇ ಓಡುತ್ತದೆ. ಪ್ರಾಜೆಕ್ಟ್ ಫೈಲ್‌ಗಳನ್ನು ಲಿನಕ್ಸ್ ಕಡೆಯ ಹೋಮ್ ಫೋಲ್ಡರಿನಲ್ಲೇ ಇಡಿ. ಸಿ ಡ್ರೈವಿನಲ್ಲಿಟ್ಟು ಅಲ್ಲಿಂದ ಓದಿದರೆ ತುಂಬಾ ನಿಧಾನ, ಗಿಟ್ ಸ್ಟೇಟಸ್‌ಗೂ ಕಾಯಬೇಕು. ನೀವು ಬರೆಯೋದು ವಿಂಡೋಸ್ ಬಳಕೆದಾರರಿಗೆ ಅಂದರೆ ಮಾತ್ರ ನೇರವಾಗಿ ಹಾಕಿ ಕೆಲಸ ಮಾಡಿ, ಇಲ್ಲದಿದ್ದರೆ ಅವರ ಕಷ್ಟ ನಿಮಗೆ ಕಾಣೋದೇ ಇಲ್ಲ.

ಎಲ್ಲವನ್ನೂ ಡಾಕರ್ ಕಂಟೇನರಿನಲ್ಲಿ ಇಟ್ಟರೆ ಈ ಗೋಳೆಲ್ಲ ತಪ್ಪುತ್ತದೆ ಅಲ್ವಾ?

ಗೋಳು ಡಾಕರ್‌ಫೈಲಿನ (ಕಂಟೇನರ್ ಕಟ್ಟುವ ಸೂಚನೆಗಳ ಫೈಲ್) ಒಳಗೆ ಹೋಗುತ್ತದೆ. ಅಲ್ಲೂ ಆಪ್ಟ್, ಪಿಪ್ ಅವೇ. ಬಿಲ್ಡ್ ಸರ್ವರಿಗೆ ಚೆನ್ನಾಗಿದೆ. ದಿನಕ್ಕೆ ನೂರು ಸಲ ಕರೆಯುವ ಲಿಂಟರ್‌ಗೆ ಭಾರ ಜಾಸ್ತಿ.

ನಿಕ್ಸ್ ಅನ್ನುವ ಪ್ಯಾಕೇಜ್ ಮ್ಯಾನೇಜರ್ ಹೇಗೆ?

"ಒಂದು ಫೈಲಿಗೆ ಒಬ್ಬ ಯಜಮಾನ" ಅನ್ನೋದನ್ನು ಕೊನೆಯವರೆಗೂ ಹಿಡಿದವರು ಇವರೇ. ಪ್ರತಿ ಪ್ಯಾಕೇಜೂ /ನಿಕ್ಸ್/ಸ್ಟೋರ್ ಒಳಗೆ ಹ್ಯಾಶ್ (ಲೆಕ್ಕ ಹಾಕಿ ಬಂದ ಗುರುತಿನ ಅಕ್ಷರಗಳು) ಅಂಟಿಸಿದ ತನ್ನದೇ ಫೋಲ್ಡರಿನಲ್ಲಿ ಇರುತ್ತದೆ, ಒಂದೇ ಟೂಲಿನ ಹತ್ತು ಆವೃತ್ತಿ ಇದ್ದರೂ ಜಗಳ ಇಲ್ಲ, ಹಿಂದಿನ ಸ್ಥಿತಿಗೆ ಮರಳುವುದೂ ಸುಲಭ. ಲಿನಕ್ಸ್, ಮ್ಯಾಕ್‌ನಲ್ಲಿ ಓಡುತ್ತದೆ. ವಿಂಡೋಸ್‌ನಲ್ಲಿ ಡಬ್ಲ್ಯೂಎಸ್‌ಎಲ್ ಒಳಗೆ ಹಾಕಿಕೊಳ್ಳಬೇಕು. ಕಲಿಯೋದು ಮಾತ್ರ ಕಷ್ಟ. ಬೇರೆಡೆ ಕಟ್ಟಿದ ರೆಡಿ ಬೈನರಿ ಅಲ್ಲಿ ನೇರವಾಗಿ ಓಡದಿದ್ದಾಗ ಬರುವ ಸಿಟ್ಟು ಬೇರೆ. ತಂಡದಲ್ಲಿ ಒಬ್ಬರಾದರೂ ಅದನ್ನು ಚೆನ್ನಾಗಿ ತಿಳಿದವರು ಇದ್ದರೆ ಇಳಿಯಿರಿ.

## ಪ್ಯಾಕೇಜ್ ಮಾಡುವವರಿಗೆ

ನನ್ನ ಟೂಲಿಗೆ ಡೆಬ್ (ಡೆಬಿಯನ್ ಪ್ಯಾಕೇಜ್), ಆರ್‌ಪಿಎಂ (ಫೆಡೋರಾ ಪ್ಯಾಕೇಜ್), ಹೋಮ್‌ಬ್ರೂ, ವಿಂಗೆಟ್ ಎಲ್ಲ ನಾನೇ ಮಾಡಬೇಕಾ?

ಬೇಡ. ಮೊದಲು ಸೋರ್ಸ್ ರಿಲೀಸ್ ನೆಟ್ಟಗಿರಲಿ, ಪ್ಯಾಕೇಜರ್‌ಗಳು ಕೇಳೋದು ತುಂಬಾ ಕಡಿಮೆ. ಪ್ರಿಫಿಕ್ಸ್ ಮತ್ತು ಡೆಸ್ಟ್‌ಡಿರ್ (ಪ್ಯಾಕೇಜ್ ಮಾಡುವಾಗ ಫೈಲ್‌ಗಳನ್ನು ತಾತ್ಕಾಲಿಕವಾಗಿ ಇಡುವ ಜಾಗ) ಎರಡನ್ನೂ ನಿಮ್ಮ ಬಿಲ್ಡ್ ಗೌರವಿಸಬೇಕು. ಬಿಲ್ಡ್ ನಡೆಯುವಾಗ ಇಂಟರ್‌ನೆಟ್‌ಗೆ ಕೈ ಚಾಚಬಾರದು. ಡೆಬಿಯನ್ ನಿಯಮದಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಲೈಸೆನ್ಸ್ ಫೈಲ್ ಇರಲಿ, ಪ್ರತಿ ರಿಲೀಸಿಗೂ ಟ್ಯಾಗ್ ಇರಲಿ. ಇಷ್ಟಾದರೆ, ಟೂಲ್ ಚೆನ್ನಾಗಿದ್ದರೆ, ಆಯಾ ಡಿಸ್ಟ್ರೊದವರೇ (ಲಿನಕ್ಸ್ ವಿತರಣೆಯವರೇ) ಎತ್ತಿಕೊಳ್ಳುವ ಸಾಧ್ಯತೆ ಜಾಸ್ತಿ.

ಆಮೇಲೆ ಲಿನಕ್ಸ್, ಮ್ಯಾಕ್‌ಗೆ ಟಾರ್, ವಿಂಡೋಸ್‌ಗೆ ಜಿಪ್, ಜೊತೆಗೆ ಶಾ-256 ಚೆಕ್‌ಸಮ್ (ಫೈಲ್ ಬದಲಾಗಿದೆಯಾ ಅಂತ ತಿಳಿಸುವ ಸಂಖ್ಯೆ). ಬಿಚ್ಚಿದರೆ ಯಾವ ಫೋಲ್ಡರಿನಿಂದಲಾದರೂ ಓಡಬೇಕು. ಅದರ ಮೇಲೆ ನಿಮ್ಮದೇ ಹೋಮ್‌ಬ್ರೂ ಟ್ಯಾಪ್ ಮತ್ತು ಸ್ಕೂಪ್ ಬಕೆಟ್ (ಅವು ಓದುವ ಪ್ಯಾಕೇಜ್ ವಿವರಗಳ ರೆಪೊಸಿಟರಿ) ಇಡೋದು ದೊಡ್ಡ ಕೆಲಸವಲ್ಲ, ಎರಡರಲ್ಲೂ ಇರೋದು ಪುಟ್ಟ ಫೈಲ್‌ಗಳು. ಡೆಬ್, ಆರ್‌ಪಿಎಂ ಬೇಕೇ ಬೇಕು ಅಂದರೆ ಎನ್‌ಎಫ್‌ಪಿಎಂ ಥರದ ಟೂಲ್‌ಗಳಿವೆ. ಆದರೆ ಒಮ್ಮೆ ಆಪ್ಟ್ ರೆಪೊಸಿಟರಿ ತೆರೆದರೆ ಸೈನಿಂಗ್ ಕೀ ನೋಡಿಕೊಳ್ಳುವ ಕೆಲಸವೂ ಕುತ್ತಿಗೆಗೆ ಬರುತ್ತದೆ, ಅದು ಮರೆಯದಿರಲಿ.

ನನ್ನ ಲಿನಕ್ಸ್‌ನಲ್ಲಿ ಕಟ್ಟಿದ ಬೈನರಿ ಬೇರೆಯವರಲ್ಲಿ "ಜಿಲಿಬ್‌ಸಿ 2.34 ನಾಟ್ ಫೌಂಡ್" ಅನ್ನುತ್ತದೆ.

ಜಿಲಿಬ್‌ಸಿ ತನ್ನ ಫಂಕ್ಷನ್‌ಗಳಿಗೆ ಆವೃತ್ತಿಯ ಚೀಟಿ ಅಂಟಿಸಿರುತ್ತದೆ. ಹಳೆಯ ಸಿಸ್ಟಮಿನಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುವ ಭರವಸೆ ಇಲ್ಲ. 2.34ರ ವಿಷಯದಲ್ಲಿ ಇದು ಜಾಸ್ತಿ ಕಾಡುತ್ತದೆ. 2021ರಲ್ಲಿ ಬಂದ ಆ ಆವೃತ್ತಿಯಲ್ಲಿ ಥ್ರೆಡ್‌ಗಳನ್ನು ನೋಡಿಕೊಳ್ಳುವ ಪಿಥ್ರೆಡ್ ಲೈಬ್ರರಿಯನ್ನು ಮುಖ್ಯ ಲೈಬ್ರರಿಯೊಳಗೆ ಸೇರಿಸಿದರು, ಪ್ರೋಗ್ರಾಮ್ ಶುರುವಾಗುವಾಗ ಕರೆಯುವ ಫಂಕ್ಷನ್‌ಗೇ ಹೊಸ ಚೀಟಿ ಬಂತು. ಹಾಗಾಗಿ ಉಬುಂಟು 22.04ರಲ್ಲಿ ಮಾಮೂಲಿಯಾಗಿ ಕಟ್ಟಿದ ಒಂದು ಹಲೋ ವರ್ಲ್ಡ್ ಕೂಡ 20.04ರಲ್ಲಿ ಏಳೋದಿಲ್ಲ.

ಪರಿಹಾರ ಹಳೆಯದೇ: ನೀವು ಬೆಂಬಲಿಸುವ ಅತ್ಯಂತ ಹಳೆಯ ಸಿಸ್ಟಮಿನಲ್ಲಿ ಕಟ್ಟಿ. ಪೈಥಾನಿನವರ ಮೆನಿಲಿನಕ್ಸ್ ಇಮೇಜ್‌ಗಳು (ರೆಡಿ ಕಂಟೇನರ್‌ಗಳು) ಮಾಡೋದೂ ಇದನ್ನೇ, ಮೆನಿಲಿನಕ್ಸ್2014 ಅಂದರೆ ಸೆಂಟ್‌ಓಎಸ್ 7ರ ಮೇಲೆ ನಿಂತದ್ದು. ಜಿಗ್ ಭಾಷೆಯ ಜೊತೆ ಬರುವ ಸಿ ಕಂಪೈಲರಿಗೆ ಯಾವ ಜಿಲಿಬ್‌ಸಿ ಬೇಕು ಅಂತ ನೇರವಾಗಿ ಹೇಳಬಹುದು, ಅದೂ ಒಳ್ಳೆಯ ದಾರಿ.

ಪೂರ್ತಿ ಸ್ಟ್ಯಾಟಿಕ್ ಲಿಂಕ್ ಮಾಡಿಬಿಟ್ಟರೆ, ಅಂದರೆ ಲೈಬ್ರರಿಗಳನ್ನೆಲ್ಲ ಬೈನರಿಯೊಳಗೇ ಸೇರಿಸಿಬಿಟ್ಟರೆ?

ಗೋ ಭಾಷೆಯಲ್ಲಿ ಸಿಗೋ (ಸಿ ಕೋಡನ್ನು ಕರೆಯುವ ಸೌಲಭ್ಯ) ಆಫ್ ಮಾಡಿ, ರಸ್ಟ್‌ನಲ್ಲಿ ಮಸಲ್ (ಜಿಲಿಬ್‌ಸಿ ಬದಲು ಬಳಸುವ ಪುಟ್ಟ ಸಿ ಲೈಬ್ರರಿ) ಟಾರ್ಗೆಟ್ ಕೊಟ್ಟು ಇದನ್ನು ದಿನಾ ಮಾಡುತ್ತಾರೆ. ಸಣ್ಣ ಕಮಾಂಡ್ ಲೈನ್ ಟೂಲಿಗೆ ನನ್ನ ಮೊದಲ ಸಲಹೆ ಇದೇ. ಎರಡು ವಿಷಯ ಗಮನದಲ್ಲಿರಲಿ. ಮಸಲ್‌ನ ಮೆಮೊರಿ ಅಲೊಕೇಟರ್ ತುಂಬಾ ಥ್ರೆಡ್ ಇರುವ ಪ್ರೋಗ್ರಾಮ್‌ಗಳಲ್ಲಿ ನಿಧಾನ. ಇನ್ನು, ಒಳಗೆ ಸೇರಿಸಿಕೊಂಡ ಲೈಬ್ರರಿಯಲ್ಲಿ ಸೆಕ್ಯುರಿಟಿ ಲೋಪ ಸಿಕ್ಕರೆ ಹೊಸ ರಿಲೀಸ್ ಕೊಡುವ ಹೊಣೆ ನಿಮ್ಮದೇ, ಡಿಸ್ಟ್ರೊದವರು ನಿಮ್ಮ ಪರವಾಗಿ ಸರಿಮಾಡೋಕೆ ಆಗೋದಿಲ್ಲ. ಜಿಲಿಬ್‌ಸಿಯನ್ನು ಮಾತ್ರ ಸ್ಟ್ಯಾಟಿಕ್ ಆಗಿ ಸೇರಿಸೋಕೆ ಹೋಗಬೇಡಿ, ಹೋಸ್ಟ್ ಹೆಸರು ಹುಡುಕುವ ಹೊತ್ತಿಗೆ ಅದು ಮತ್ತೆ ಡೈನಮಿಕ್ ಲೈಬ್ರರಿಯನ್ನೇ ಕೇಳುತ್ತದೆ.

ಗಿಟ್‌ಹಬ್ ತಾನೇ ಮಾಡಿಕೊಡುವ ಸೋರ್ಸ್ ಟಾರ್‌ಬಾಲ್ (ಟಾರ್ ಫೈಲ್) ಸಾಕಾ?

ಸಾಕು ಅಂತ ಬಹಳ ಜನ ಅಂದುಕೊಂಡಿದ್ದರು. 2023ರ ಜನವರಿಯಲ್ಲಿ ಅವುಗಳನ್ನು ಕಂಪ್ರೆಸ್ ಮಾಡುವ ವಿಧಾನ ಬದಲಾಗಿ, ಒಳಗಿನ ಕೋಡ್ ಅದೇ ಇದ್ದರೂ ಚೆಕ್‌ಸಮ್ ಬೇರೆಯಾಯಿತು, ಚೆಕ್‌ಸಮ್ ನಂಬಿದ್ದ ಬಿಲ್ಡ್‌ಗಳು ಬಿದ್ದವು, ಆಮೇಲೆ ಬದಲಾವಣೆಯನ್ನು ಹಿಂತೆಗೆದುಕೊಂಡರು. ಅದಕ್ಕೇ ಟಾರ್‌ಬಾಲನ್ನು ನೀವೇ ಮಾಡಿ ರಿಲೀಸಿಗೆ ಅಪ್‌ಲೋಡ್ ಮಾಡಿ.

ಆದರೆ ಕೈಯಾರೆ ಮಾಡಿದ ಟಾರ್‌ಬಾಲಿಗೂ ಅದರದೇ ಅಪಾಯ ಇದೆ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝೆಡ್ (ಒಂದು ಕಂಪ್ರೆಷನ್ ಟೂಲ್) ಪ್ರಕರಣದಲ್ಲಿ ಆದದ್ದು ಅದೇ. 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಇತ್ತು. ಅದರ ಮುಖ್ಯ ಭಾಗ ಟೆಸ್ಟ್ ಫೈಲ್‌ಗಳ ವೇಷದಲ್ಲಿ ಗಿಟ್‌ನಲ್ಲೇ ಮಲಗಿತ್ತು. ಅದನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟಿನ ಸಾಲುಗಳು ಮಾತ್ರ ಗಿಟ್‌ನಲ್ಲಿ ಇರಲಿಲ್ಲ, ರಿಲೀಸ್ ಟಾರ್‌ಬಾಲಿನಲ್ಲಷ್ಟೇ ಇದ್ದವು. ಗಿಟ್ ಓದಿದವರಿಗೆ ಕಾಣಲಿಲ್ಲ, ಟಾರ್‌ಬಾಲನ್ನು ಯಾರೂ ಓದೋದಿಲ್ಲ. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸೇರುವ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನವಾಗಿದೆ ಅಂತ ಬೆನ್ನುಹತ್ತಿ ಹೋದ ಡೆವಲಪರ್ ಆಂಡ್ರೆಸ್ ಫ್ರೊಯಿಂಡ್ ಇದನ್ನು ಕಂಡುಹಿಡಿದರು.

ಆದ್ದರಿಂದ ಟ್ಯಾಗಿನ ಮೇಲೆ "ಗಿಟ್ ಆರ್ಕೈವ್" ಓಡಿಸಿ ಬಂದದ್ದನ್ನೇ ಕೊಡಿ, ಹೊರಗಿನಿಂದ ಏನನ್ನೂ ಸೇರಿಸಬೇಡಿ, ಮಾಡುವ ಕಮಾಂಡನ್ನು ಡಾಕ್ಯುಮೆಂಟ್‌ನಲ್ಲಿ ಬರೆದಿಡಿ. ಬೇರೆಯವರು ಮಾಡಿ ಬಿಚ್ಚಿ ನೋಡಿದರೆ ಒಳಗೆ ಒಂದು ಸಾಲೂ ಹೆಚ್ಚು ಕಮ್ಮಿ ಇರಬಾರದು. ಬೈನರಿಗಳಿಗೂ ಇದೇ ಗುರಿ ಇಟ್ಟುಕೊಳ್ಳಬಹುದು. ಡೆಬಿಯನ್‌ನವರು ರಿಪ್ರೊಡ್ಯೂಸಿಬಲ್ ಬಿಲ್ಡ್ಸ್ ಅಂತ ವರ್ಷಗಟ್ಟಲೆ ಇದರ ಮೇಲೇ ಕೆಲಸ ಮಾಡುತ್ತಿದ್ದಾರೆ. ಬಿಲ್ಡ್ ಆದ ದಿನಾಂಕವನ್ನು ಬೈನರಿಯಲ್ಲಿ ಬರೆಯೋದು ಬಿಟ್ಟರೇ ಅರ್ಧ ದಾರಿ ಬಂದ ಹಾಗೆ.

ಮ್ಯಾಕ್ ಬಳಕೆದಾರರಿಗೆ "ಡೆವಲಪರ್ ಯಾರೆಂದು ಗೊತ್ತಿಲ್ಲ" ಅಂತ ಬರುತ್ತದೆ. ಕೆಲವರಿಗೆ ಮಾತ್ರ ಯಾಕೆ?

ಬ್ರೌಸರಿನಿಂದ ಇಳಿಸಿದವರಿಗೆ ಬರುತ್ತದೆ, ಕರ್ಲ್‌ನಿಂದ ಇಳಿಸಿದವರಿಗೆ ಬರೋದಿಲ್ಲ. ಬ್ರೌಸರ್ ಫೈಲಿಗೆ ಕ್ವಾರಂಟೀನ್ ಗುರುತು ಹಾಕುತ್ತದೆ, ಮ್ಯಾಕ್‌ನ ಕಾವಲು ಸೌಲಭ್ಯವಾದ ಗೇಟ್‌ಕೀಪರ್ ಅದನ್ನು ನೋಡಿ ತಡೆಯುತ್ತದೆ. ಸರಿಯಾದ ದಾರಿ ಅಂದರೆ ಆಪಲ್ ಡೆವಲಪರ್ ಸದಸ್ಯತ್ವಕ್ಕೆ ವರ್ಷವರ್ಷ ದುಡ್ಡು ಕಟ್ಟಿ, ಸೈನ್ ಮಾಡಿ, ನೋಟರೈಸ್ (ಆಪಲ್‌ನವರಿಂದ ತಪಾಸಣೆ) ಮಾಡಿಸೋದು. ಪುಕ್ಕಟೆ ಕೊಡುವ ಟೂಲಿಗೆ ಇದು ಅತಿ ಅನ್ನೋದು ನನ್ನ ಅಭಿಪ್ರಾಯ. ಹೋಮ್‌ಬ್ರೂ ಫಾರ್ಮುಲಾ ಮೂಲಕ ಕೊಟ್ಟರೆ ಈ ತೊಂದರೆ ಇಲ್ಲ. ಬಳಕೆದಾರರೇ "ಎಕ್ಸ್‌ಆಟರ್" ಕಮಾಂಡಿನಿಂದ ಆ ಗುರುತನ್ನು ಅಳಿಸಬಹುದು, ಇಲ್ಲವೇ ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗಕ್ಕೆ ಹೋಗಿ ಒಪ್ಪಿಗೆ ಕೊಡಬೇಕು. ಕಂಟ್ರೋಲ್ ಒತ್ತಿ ತೆರೆಯುವ ಹಳೆಯ ಉಪಾಯ 2024ರ ಸಿಕೋಯಾದಲ್ಲಿ ಹೋಯಿತು.

ಇನ್ನೊಂದು: ಆಪಲ್ ಸಿಲಿಕಾನ್‌ನಲ್ಲಿ ಅದಕ್ಕೆಂದೇ ಕಟ್ಟಿದ ಯಾವ ಬೈನರಿಯೂ ಸಹಿ ಇಲ್ಲದೆ ಓಡೋದಿಲ್ಲ. ಲಿಂಕರ್ ತಾನಾಗಿ ಒಂದು ಆಡ್‌ಹಾಕ್ (ಯಾರದೆಂದು ಹೇಳದ) ಸಹಿ ಹಾಕುತ್ತದೆ, ಆದರೆ ನೀವು ಆಮೇಲೆ ಬೈನರಿಯನ್ನು ತಿದ್ದಿದರೆ ಅದು ಕೆಡುತ್ತದೆ. ಬರೀ "ಕಿಲ್ಡ್: 9" ಅಂತ ಬಂದು ಪ್ರೋಗ್ರಾಮ್ ಸತ್ತರೆ ಮೊದಲು ಇದನ್ನೇ ನೋಡಿ.

ಟೂಲ್ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಂಡರೆ ಒಳ್ಳೆಯದಲ್ವಾ?

ನೀವೇ ಕೊಟ್ಟ ಬೈನರಿಯಾದರೆ ಸರಿ. ಆಪ್ಟ್ ಅಥವಾ ಹೋಮ್‌ಬ್ರೂ ಹಾಕಿದ್ದಾದರೆ ಆ ಫೈಲ್ ನಿಮ್ಮದಲ್ಲ. ಬಿಲ್ಡ್ ಮಾಡುವಾಗ ಈ ಸೌಲಭ್ಯವನ್ನು ಆಫ್ ಮಾಡುವ ಆಪ್ಷನ್ ಕೊಡಿ, ಆಫ್ ಆಗಿದ್ದರೆ "ಪ್ಯಾಕೇಜ್ ಮ್ಯಾನೇಜರಿನಿಂದ ಅಪ್‌ಡೇಟ್ ಮಾಡಿ" ಅಂತ ಒಂದು ಸಾಲು ತೋರಿಸಿ. ರಸ್ಟಪ್ ಕೂಡ ಡಿಸ್ಟ್ರೊದವರಿಗೆ ಇಂಥ ಆಪ್ಷನ್ ಕೊಟ್ಟಿದೆ.

ವಿಂಡೋಸ್‌ನಲ್ಲಿ ವಿಶೇಷವಾಗಿ ಏನು ನೋಡಿಕೊಳ್ಳಬೇಕು?

ಫೈಲಿನ ದಾರಿ 260 ಅಕ್ಷರ ಮೀರಿದರೆ ಈಗಲೂ ಎಷ್ಟೋ ಕಡೆ ಬೀಳುತ್ತದೆ, ಆಳವಾದ ಫೋಲ್ಡರ್‌ಗಳನ್ನು ಬಿಡಿ. ಬಳಕೆದಾರರ ಹೆಸರಿನಲ್ಲಿ ಖಾಲಿ ಜಾಗ ಇರಬಹುದು, ಇಂಗ್ಲಿಷ್ ಅಲ್ಲದ ಅಕ್ಷರ ಇರಬಹುದು, ಅಂಥ ಹೆಸರಿನ ಅಕೌಂಟ್ ಮಾಡಿ ಟೆಸ್ಟ್ ಮಾಡಿ. ಶೆಲ್ ಸ್ಕ್ರಿಪ್ಟುಗಳಿಗೆ ಗಿಟ್ ಆಟ್ರಿಬ್ಯೂಟ್ಸ್‌ನಲ್ಲಿ ಸಾಲಿನ ಕೊನೆ ಎಲ್‌ಎಫ್ ಅಂತ ಬರೆದಿಡಿ, ಇಲ್ಲದಿದ್ದರೆ ಸಿಆರ್‌ಎಲ್‌ಎಫ್ (ವಿಂಡೋಸ್ ಬಗೆಯ ಸಾಲಿನ ಕೊನೆ) ಸೇರಿಕೊಂಡು ಲಿನಕ್ಸ್‌ನಲ್ಲಿ "ಬ್ಯಾಡ್ ಇಂಟರ್‌ಪ್ರಿಟರ್" ಬರುತ್ತದೆ. ಅಕ್ಷರ ದೊಡ್ಡದು ಚಿಕ್ಕದು ಅಷ್ಟೇ ವ್ಯತ್ಯಾಸ ಇರುವ ಎರಡು ಫೈಲ್ ಒಂದೇ ಫೋಲ್ಡರಿನಲ್ಲಿ ಬೇಡ, ಮ್ಯಾಕ್‌ನಲ್ಲೂ ಅದು ಡೀಫಾಲ್ಟ್ ಆಗಿ ಒಂದೇ ಫೈಲ್. ವಿಷುವಲ್ ಸಿ++ನಲ್ಲಿ ಕಟ್ಟಿದರೆ ರನ್‌ಟೈಮ್ ಡಿಎಲ್‌ಎಲ್ ಬಳಕೆದಾರರಲ್ಲಿ ಇರಲಿಕ್ಕಿಲ್ಲ, ಸ್ಟ್ಯಾಟಿಕ್ ರನ್‌ಟೈಮ್ ಆರಿಸಿ.

ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್, ಆಪ್‌ಇಮೇಜ್ ಥರದ, ಹಲವು ಲಿನಕ್ಸ್‌ಗಳಿಗೆ ಒಂದೇ ಆಗುವ ಪ್ಯಾಕೇಜುಗಳು ಹೇಗೆ?

ಕಿಟಕಿ ಇರುವ ಆಪ್‌ಗಳಿಗೆ ಚೆನ್ನ. ಕಂಪೈಲರ್ ಅಂದರೆ ಇಡೀ ಡಿಸ್ಕ್ ಓದಬೇಕು, ಬೇರೆ ಟೂಲ್‌ಗಳನ್ನು ಕರೆಯಬೇಕು, ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್‌ಗಳ ಸ್ಯಾಂಡ್‌ಬಾಕ್ಸ್ (ಆಪನ್ನು ಉಳಿದ ಸಿಸ್ಟಮಿನಿಂದ ದೂರ ಇಡುವ ಬೇಲಿ) ಅದಕ್ಕೆ ಅಡ್ಡಿ. ಸ್ನ್ಯಾಪ್‌ನವರು ಇಂಥವಕ್ಕಾಗಿಯೇ ಕ್ಲಾಸಿಕ್ ಅನ್ನುವ ಬಗೆ ಇಟ್ಟಿದ್ದಾರೆ, ಅದರಲ್ಲಿ ಸ್ಯಾಂಡ್‌ಬಾಕ್ಸ್ ಇಲ್ಲ.

ಬೇರೆಯವರ ಲೈಬ್ರರಿ ಸೇರಿಸಿದರೆ ಲೈಸೆನ್ಸ್ ವಿಷಯ?

ಎಂಐಟಿ, ಬಿಎಸ್‌ಡಿ ಅಂದರೆ ಏನೂ ಮಾಡಬೇಕಿಲ್ಲ ಅಂತ ಅಂದುಕೊಂಡವರು ತುಂಬಾ. ಅವರ ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಬೈನರಿಯ ಜೊತೆಗೂ ಹೋಗಬೇಕು, ಜಿಪ್ ಒಳಗೆ ಒಂದು ಫೈಲ್ ಇಡಿ. ಜಿಪಿಎಲ್ ಕೋಡ್ ಸೇರಿದ್ದರೆ ಆ ಬೈನರಿಗೆ ಹೊಂದುವ ಪೂರ್ತಿ ಸೋರ್ಸ್ ಸಿಗುವಂತೆ ಮಾಡಬೇಕು, ನಿಮ್ಮ ಭಾಗವೂ ಸೇರಿ.

ನನ್ನ ಹತ್ತಿರ ಮ್ಯಾಕೂ ಇಲ್ಲ, ವಿಂಡೋಸೂ ಇಲ್ಲ. ಟೆಸ್ಟ್ ಮಾಡೋದು ಹೇಗೆ?

ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಮೂರೂ ಓಎಸ್ ಸಿಗುತ್ತವೆ. ಆದರೆ ಅಲ್ಲಿನ ಇಮೇಜ್‌ಗಳಲ್ಲಿ ಮೊದಲೇ ನೂರಾರು ಟೂಲ್ ತುಂಬಿರುತ್ತವೆ, ನಿಮ್ಮ ಪ್ಯಾಕೇಜ್ ಕೇಳಬೇಕಾದ ಡಿಪೆಂಡೆನ್ಸಿಯನ್ನು ಕೇಳದೇ ಬಿಟ್ಟಿದ್ದರೂ ಅಲ್ಲಿ ಪಾಸ್ ಆಗಿಬಿಡುತ್ತದೆ. ಲಿನಕ್ಸ್‌ಗಾದರೂ ಏನೂ ಇಲ್ಲದ ಬರೀ ಡೆಬಿಯನ್ ಮತ್ತು ಆಲ್ಪೈನ್ ಕಂಟೇನರಿನಲ್ಲಿ ಹಾಕಿ ನೋಡಿ. ಆಲ್ಪೈನ್‌ನಲ್ಲಿ ಇರೋದು ಮಸಲ್, ಜಿಲಿಬ್‌ಸಿಗೆ ಕಟ್ಟಿದ ಬೈನರಿ ಅಲ್ಲಿ ಫೈಲೇ ಇಲ್ಲ ಅನ್ನುವಂಥ ವಿಚಿತ್ರ ಎರರ್ ಕೊಡುತ್ತದೆ. ಇನ್‌ಸ್ಟಾಲ್ ಮಾಡಿ, ಆವೃತ್ತಿ ಕೇಳಿ, ಒಂದು ನಿಜವಾದ ಕೆಲಸ ಮಾಡಿಸಿ. ಅನ್‌ಇನ್‌ಸ್ಟಾಲ್ ಮಾಡಿದ ಮೇಲೆ ನಿಮ್ಮ ಟೂಲಿನ ಹೆಸರಿನಲ್ಲಿ ಡಿಸ್ಕ್ ಹುಡುಕಿ ಏನು ಉಳಿದಿದೆ ಅಂತಲೂ ನೋಡಿ. ಬಳಕೆದಾರರ ಸೆಟ್ಟಿಂಗ್ಸ್ ಫೈಲ್ ಉಳಿದಿದ್ದರೆ ಪರವಾಗಿಲ್ಲ, ಅದು ಅವರದ್ದು. ಬೇರೇನು ಉಳಿದಿದ್ದರೂ ಅದನ್ನು ಬಗ್ ಅಂತ ಬರೆದಿಟ್ಟುಕೊಳ್ಳಿ.